ಹುಬ್ಬಳ್ಳಿ ಗೋಕುಲ ರೋಡಿನ ಶಾಪಿಗೆ ಅಪ್ರೆಂಟಿಸ್ ಬರುವ ದಿನ

ಹೊಸ ಬ್ಯಾಚು ಸೇರುವ ದಿನ ಮಷಿನ್ ಶಾಪಿನ ಗೇಟಿನ ಹೊರಗೆ ಹುಡುಗರಷ್ಟೇ ಅಪ್ಪಂದಿರೂ ನಿಂತಿರುತ್ತಾರೆ. ಕುಂದಗೋಳ, ಅಣ್ಣಿಗೇರಿ, ಕಲಘಟಗಿ ಕಡೆಯಿಂದ ಮೊದಲ ಬಸ್ಸಿಗೇ ಬಂದವರು. ಕೇಳುವುದು ಎರಡೇ ಮಾತು: "ಪಗಾರ ಎಷ್ಟ ಕೊಡ್ತೀರ್ರಿ ಸರ? ಮುಂದ ಪರ್ಮನೆಂಟ್ ಮಾಡ್ತೀರೇನ್ರಿ?" ಎರಡಕ್ಕೂ ಅವತ್ತೇ ನೇರ ಉತ್ತರ ಕೊಟ್ಟುಬಿಡಬೇಕು. ಮುಚ್ಚಿಟ್ಟರೆ ಮೂರನೇ ತಿಂಗಳಿಗೆ ಹುಡುಗ ಹೇಳದೆ ಕೇಳದೆ ಬಿಟ್ಟು ಹೋಗುತ್ತಾನೆ. ನಡುವೆ ಬಿಟ್ಟವನಿಗೆ ಪ್ರಮಾಣಪತ್ರವೂ ಇಲ್ಲ.

ಕೊಡುವುದು ಪಗಾರವಲ್ಲ, ಸ್ಟೈಪೆಂಡ್, ಅಂದರೆ ಕಲಿಯುವಾಗಿನ ಭತ್ಯೆ. 1961ರ ಅಪ್ರೆಂಟಿಸ್ ಕಾಯ್ದೆಯ ಕಣ್ಣಿಗೆ ಇವನು ಕಾರ್ಮಿಕನಲ್ಲ, ಕಲಿಯಲು ಬಂದವನು. ಹಾಗಾಗಿ ಪಿಎಫ್, ಇಎಸ್‌ಐ ಇಲ್ಲ. ಆದರೆ ಕೆಲಸದ ಹೊತ್ತಿನಲ್ಲಿ ಗಾಯವಾದರೆ ಪರಿಹಾರದ ಹೊಣೆ ಮಾಲೀಕರದ್ದೇ. 2019ರ ತಿದ್ದುಪಡಿ ನಿಯಮ ಐಟಿಐ ಮುಗಿಸಿದವರಿಗೆ ತಿಂಗಳಿಗೆ ಕನಿಷ್ಠ 7,000 ರೂಪಾಯಿ, ಡಿಪ್ಲೊಮಾದವರಿಗೆ 8,000, ಪದವೀಧರರಿಗೆ 9,000 ಎಂದು ಗೊತ್ತುಮಾಡಿತು. ಎರಡನೇ ವರ್ಷಕ್ಕೆ ಶೇ. 10 ಹೆಚ್ಚು. ಪರ್ಮನೆಂಟ್ ಮಾಡಲೇಬೇಕೆಂಬ ಕಟ್ಟಳೆ ಇಲ್ಲ. 30 ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿದ್ದ ಕಡೆ ಅಪ್ರೆಂಟಿಸ್ ತೆಗೆದುಕೊಳ್ಳುವುದು ಕಡ್ಡಾಯ, ಅಷ್ಟೆ.

ದುಡ್ಡಿನ ತಕರಾರು ಶುರುವಾಗುವುದು ಮೊದಲ ತಿಂಗಳು ಖಾತೆ ನೋಡಿದಾಗ. ಕೇಂದ್ರದ ಅಪ್ರೆಂಟಿಸ್ ಪ್ರೋತ್ಸಾಹ ಯೋಜನೆಯಲ್ಲಿ ಸ್ಟೈಪೆಂಡಿನ ಶೇ. 25, ಹೆಚ್ಚೆಂದರೆ 1,500 ರೂಪಾಯಿ, ಸರಕಾರದ್ದು. ಅದು ಹುಡುಗನ ಖಾತೆಗೆ ನೇರ ಬೀಳುತ್ತದೆ. ಸ್ಟೈಪೆಂಡ್ 7,000 ಇದ್ದರೆ ಕಂಪನಿ ಹಾಕುವುದು 5,500. "ಒಂದೂವರೆ ಸಾವಿರ ಮುರಕೊಂಡ್ರು" ಎಂದು ಗಲಾಟೆ. ನೋಡಿದರೆ ಆ ಹಣ ಬಂದಿರುತ್ತದೆ, ಬೇರೆ ಖಾತೆಗೆ: ಎಸ್ಸೆಸ್ಸೆಲ್ಸಿ ಇದ್ದಾಗ ಸ್ಕಾಲರ್‌ಶಿಪ್‌ಗೆಂದು ಊರಿನ ಬ್ಯಾಂಕಿನಲ್ಲಿ ತೆರೆದು, ಆಧಾರ್ ಜೋಡಿಸಿ, ಮರೆತುಬಿಟ್ಟ ಪಾಸ್‌ಬುಕ್ಕಿಗೆ. ಕಂಪನಿಗೆ ಕೊಟ್ಟ ಖಾತೆ ಯಾವುದೇ ಇರಲಿ, ಸರಕಾರದ ಹಣ ಹುಡುಕಿಕೊಂಡು ಹೋಗುವುದು ಆಧಾರ್ ಜೋಡಿಸಿದ ಖಾತೆಯನ್ನು. ಸೇರುವ ಮುಂಚೆಯೇ ಬ್ಯಾಂಕಿಗೆ ಹೋಗಿ ಒಂದು ಅರ್ಜಿ ಕೊಟ್ಟರೆ ಮುಗಿಯಿತು.

ಹೆಸರಿನದೂ ಅಷ್ಟೇ ತಲೆನೋವು. ಮಾರ್ಕ್ಸ್ ಕಾರ್ಡಿನಲ್ಲಿ ಅಪ್ಪನ ಹೆಸರು, ಅಡ್ಡಹೆಸರು ಪೂರ್ತಿ, ಆಧಾರ್‌ನಲ್ಲಿ ಬರೀ ಇನಿಷಿಯಲ್. ಅಪ್ರೆಂಟಿಸ್ ನೋಂದಣಿಯ ಸರಕಾರಿ ಪೋರ್ಟಲ್ ಒಪ್ಪುವುದಿಲ್ಲ, ಕರಾರುಪತ್ರ ಹುಟ್ಟುವುದಿಲ್ಲ. "ಸರಿ ಆಗೂತನಾ ಸುಮ್ಮ ಕೆಲಸಾ ಮಾಡ್ತಿರ್ಲಿ ಬಿಡ್ರಿ" ಎನ್ನುವ ಅಪ್ಪಂದಿರಿದ್ದಾರೆ. ಬೇಡ. ತರಬೇತಿಯ ದಿನ ಎಣಿಕೆಯಾಗುವುದು ಕರಾರಿನ ತಾರೀಖಿನಿಂದ. ಅದಕ್ಕೆ ಮುಂಚಿನ ದುಡಿತ ಲೆಕ್ಕಕ್ಕಿಲ್ಲ. ಸಹಿ ಮಾಡುವಾಗ ನೋಡಬೇಕಾದದ್ದು ಮೂರು: ಟ್ರೇಡ್ (ಕಲಿತ ಕಸುಬು) ಹೆಸರು ಐಟಿಐ ಪ್ರಮಾಣಪತ್ರದಲ್ಲಿ ಇದ್ದಂತೆಯೇ ಇದೆಯೇ, ಅವಧಿ ಎಷ್ಟು, ಸ್ಟೈಪೆಂಡ್ ಅಂಕಿ ಏನು. ಹದಿನೆಂಟು ತುಂಬದಿದ್ದರೆ ಪಾಲಕರ ಸಹಿಯೂ ಬೇಕು.

ರೈಲ್ವೆಯ ಮಾತೂ ಬಂದೇ ಬರುತ್ತದೆ, ಹುಬ್ಬಳ್ಳಿಯಲ್ಲವೇ! ಇಲ್ಲಿನ ರೈಲ್ವೆ ವರ್ಕ್‌ಶಾಪಿನ ಅಪ್ರೆಂಟಿಸ್ ಆಯ್ಕೆಗೆ ಪರೀಕ್ಷೆಯಿಲ್ಲ, ಸಂದರ್ಶನವಿಲ್ಲ. ಎಸ್ಸೆಸ್ಸೆಲ್ಸಿ ಮತ್ತು ಐಟಿಐ ಅಂಕಗಳ ಸರಾಸರಿಯ ಮೇಲೆ ಪಟ್ಟಿ ಮಾಡುತ್ತಾರೆ. ಅಲ್ಲಿ ಮುಗಿಸಿದವರಿಗೆ ರೈಲ್ವೆಯ ಲೆವೆಲ್-1 (ಎಲ್ಲಕ್ಕಿಂತ ಕೆಳಗಿನ ದರ್ಜೆ) ನೇರ ನೇಮಕಾತಿಯಲ್ಲಿ ಶೇ. 20 ಮೀಸಲು. ಆದರೂ ಆ ನೇಮಕಾತಿಯ ಪರೀಕ್ಷೆ ಬರೆಯಲೇಬೇಕು. ಇದನ್ನು ಯಾರೂ ಹೇಳಿರುವುದಿಲ್ಲ.

ಊಟದ ಮೇಲೆ ಅಪ್ಪಂದಿರು ಬಸ್ ಸ್ಟ್ಯಾಂಡಿಗೆ, ಹುಡುಗರು ವೈಸ್ (ತುಂಡನ್ನು ಬಿಗಿಹಿಡಿಯುವ ಇಕ್ಕಳ) ಕಟ್ಟಿದ ಬೆಂಚಿಗೆ. ಫಿಟ್ಟರ್‌ಗೆ ಮೊದಲ ಕೆಲಸ: ಎಂಎಸ್ ಫ್ಲಾಟಿನ (ಮೆದು ಉಕ್ಕಿನ ಪಟ್ಟಿ) ತುಂಡನ್ನು 50 ಎಂಎಂ ಚೌಕಕ್ಕೆ ಫೈಲ್, ಅಂದರೆ ಅರ, ಹೊಡೆಯುವುದು. ಐಟಿಐನಲ್ಲಿ ಮಾಡಿದ್ದೇ ಎಂದು ಮುಖ ಸಿಂಡರಿಸುತ್ತಾರೆ. ಟ್ರೈ ಸ್ಕ್ವೇರ್ (ಲಂಬಕೋನ ನೋಡುವ ಮೂಲೆಮಟ್ಟ) ಇಟ್ಟು ಬೆಳಕಿಗೆ ಹಿಡಿದು ತೋರಿಸಿದರೆ ಗೊತ್ತಾಗುತ್ತದೆ: ನಡುವೆ ಉಬ್ಬು, ಎರಡೂ ಅಂಚಿಗೆ ಬೆಳಕು ನುಸುಳುತ್ತದೆ. ಫೈಲ್ ಜೋಕಾಲಿಯಂತೆ ತೂಗಿದ ಗುರುತು. ಸ್ಟ್ರೋಕ್ ಶುರುವಿನಲ್ಲಿ ಭಾರ ಎಡಗೈ ಮೇಲೆ, ನಡುವೆ ಎರಡೂ ಕೈಗೆ ಸಮ, ಕೊನೆಗೆ ಬಲಗೈಗೆ. ವಾಪಸ್ ಬರುವಾಗ ಒತ್ತಲೇಬಾರದು. ವೈಸಿನ ಎತ್ತರ ಮೊಣಕೈ ಮಟ್ಟಕ್ಕಿರಬೇಕು, ಎತ್ತರದ ಹುಡುಗರು ಬಗ್ಗಿ ನಿಂತರೆ ಈ ಉಬ್ಬು ಖಾತ್ರಿ. ಮೊದಲು ಒರಟು ಹಲ್ಲಿನ ಬಾಸ್ಟರ್ಡ್ ಫೈಲ್, ಗುರುತಿನ ಗೆರೆಯ ಹತ್ತಿರ ಬಂದಮೇಲೆ ನಡುತರದ ಸೆಕೆಂಡ್ ಕಟ್, ಕೊನೆಗೆ ನಯವಾದ ಸ್ಮೂತ್. ಸ್ಮೂತ್ ಫೈಲಿಗೆ ಸೀಮೆಸುಣ್ಣ ತಿಕ್ಕಿಕೊಂಡರೆ ಚೂರು ಹಲ್ಲಿಗೆ ಕಚ್ಚಿ ಗೀರು ಬೀಳುವುದಿಲ್ಲ. ಲೇತ್ ಕಡೆ ಹಾದು ಹೋಗುವಾಗ ಒಂದೇ ಎಚ್ಚರಿಕೆ: ಚಕ್ ಕೀಯನ್ನು (ತುಂಡು ಹಿಡಿದು ತಿರುಗುವ ಚಕ್ಕನ್ನು ಬಿಗಿಮಾಡುವ ಕೀಲಿ) ಚಕ್ಕಿನಲ್ಲಿ ಬಿಟ್ಟು ಕೈ ತೆಗೆಯುವ ಹಾಗಿಲ್ಲ, ಅರೆಗಳಿಗೆಗೂ. ಮಷಿನ್ ಚಾಲೂ ಆದರೆ ಅದು ಹಾರಿ ಬಂದು ಮುಖಕ್ಕೇ ಬಡಿಯುತ್ತದೆ.

ಸಂಜೆ ಐದಕ್ಕೆ ವರ್ನಿಯರ್ (ಅಳತೆಯ ಸಾಧನ) ಹಿಡಿದರೆ ಆ ಚೌಕದ ಒಂದು ತುದಿ 50.14 ಎಂಎಂ, ಇನ್ನೊಂದು 49.60. ಹೆಚ್ಚಿದ್ದದ್ದನ್ನು ನಾಳೆ ಇಳಿಸಬಹುದು, ಇಳಿದದ್ದನ್ನು ಏರಿಸಲಾಗದು. ಹೊಸ ತುಂಡೇ ಬೇಕು. ದಿನಚರಿ ಪುಸ್ತಕದಲ್ಲಿ ಹುಡುಗ "ಫೈಲಿಂಗ್ ಮಾಡಿದೆ" ಎಂದಷ್ಟೇ ಬರೆದಿರುತ್ತಾನೆ. ಅದನ್ನು ಹೊಡೆದುಹಾಕಿಸಿ ಎರಡೂ ಅಂಕಿ, ಬಳಸಿದ ಫೈಲುಗಳ ಹೆಸರು, ತಪ್ಪಿನ ಕಾರಣ ಬರೆಸಿದ ಮೇಲೆಯೇ ಇನ್‌ಸ್ಟ್ರಕ್ಟರ್ ಸಹಿ.