ಕೋಗಿಲೆಗೆ ಊಳಿಡುವ ಕೆಂಪಿ, ನಮ್ಮ ಬಡಾವಣೆಯಲ್ಲಿಲ್ಲದ ಗೂಬೆ

ಹಕ್ಕಿಗಳ ಕೂಗಿಗಾಗಿ ಮಾಡಿದ ಕಳೆದ ವಾರದ ಧ್ವನಿಮುದ್ರಣಗಳಲ್ಲಿ ನಮ್ಮ ನಾಯಿ ಕೆಂಪಿಯ ಊಳು ಒಂದೇ ಒಂದೂ ಇಲ್ಲ. ಯುಗಾದಿಯಿಂದೀಚೆಗೆ ನನ್ನ ಟಿಪ್ಪಣಿ ಪುಸ್ತಕದಲ್ಲಿ ಗೋಳಲ್ಲದೆ ಬೇರೇನೂ ಇರಲಿಲ್ಲವಾದ್ದರಿಂದ ಇದನ್ನು ಮೊದಲೇ ಹೇಳಿಬಿಡುತ್ತೇನೆ. ಬೀದಿಯಿಂದ ಬಂದ ಕೆಂಪಿ ಮನೆಗೆ ಹೊಂದಿಕೊಂಡ ಕತೆಯಲ್ಲಿ, ಅಂದರೆ ಲಸಿಕೆ, ಉಣುಗಿನ ಔಷಧಿ, ಮಂಚದಡಿಯ ವಾಸ, ಬೇಯಿಸಿದ ಕೋಳಿಯ ಲಂಚ ಇವುಗಳಲ್ಲಿ, ನಾಯಿ ಸಾಕಿದವರಿಗೆ ಹೊಸದೇನೂ ಇಲ್ಲ.

ನಮ್ಮನ್ನು ಕಾಡಿದ್ದು ತಾರಸಿಯ ರೆಕಾರ್ಡರ್. ನಗರದ ಹಕ್ಕಿಗಳ ಮುಂಜಾವಿನ ಕೂಗನ್ನು ಅಧ್ಯಯನ ಮಾಡುತ್ತಿರುವ ಸಂಶೋಧಕರೊಬ್ಬರಿಗಾಗಿ, ಮೈಸೂರಿನ ಲಿಂಗಾಂಬುಧಿ ಕೆರೆಗೆ ಹತ್ತಿರವಿರುವ ನಮ್ಮ ಮನೆಯ ಮೇಲೆ ಆಡಿಯೋಮಾತ್ ಎಂಬ ಪುಟ್ಟ ರೆಕಾರ್ಡರ್ ಕಟ್ಟಿದ್ದೇನೆ. ಅದು ಬೆಳಗಿನ ಜಾವ ನಾಲ್ಕೂವರೆಯಿಂದ ಏಳರವರೆಗೆ ಮುದ್ರಿಸುತ್ತದೆ. ಏಪ್ರಿಲ್ ಬಂದೊಡನೆ, ಕೂಗು ಕೇಳಿ ಹಕ್ಕಿ ಗುರುತಿಸುವ ಬರ್ಡ್‌ನೆಟ್ ತಂತ್ರಾಂಶದ ಪಟ್ಟಿಯಲ್ಲಿ ಮಾಟಲ್ಡ್ ವುಡ್ ಔಲ್ ಕಾಣಿಸಿಕೊಳ್ಳತೊಡಗಿತು, ಅದೂ ಒಳ್ಳೆಯ ಅಂಕಗಳೊಂದಿಗೆ. ಹಳೆಯ ಮಾವು, ಹುಣಸೆಯ ತೋಪುಗಳಲ್ಲಿರುವ ಆ ಕಾಡುಗೂಬೆ ನೀರಿನ ಟ್ಯಾಂಕು ಮತ್ತು ಕೇಬಲ್ ತಂತಿಗಳ ನಮ್ಮ ಬೀದಿಗೆ ಬಂದಿತೆಂದು ನಂಬುವುದಕ್ಕೆ ಮನಸ್ಸು ಹಾತೊರೆಯಿತಾದರೂ, ಸದ್ದನ್ನು ಚಿತ್ರವಾಗಿ ತೋರಿಸುವ ಸ್ಪೆಕ್ಟ್ರೋಗ್ರಾಮ್ ತೆರೆದೊಡನೆ ಗುಟ್ಟು ರಟ್ಟಾಯಿತು. ಮೊದಲು ಎರಡು ದಪ್ಪ ಬೊಗಳು, ಅನಂತರ ಒಂದರ ಮೇಲೊಂದು ಸಮಾನ ಅಂತರದಲ್ಲಿ ಎದ್ದು ನಿಂತ, ತುದಿಯಲ್ಲಿ ನಡುಗುವ ಉದ್ದನೆಯ ಗೆರೆಗಳು. ಗೂಬೆಯೆಂದು ದಾಖಲಾಗಿದ್ದದ್ದು ನಮ್ಮ ಕೆಂಪಿ.

ತಂತ್ರಾಂಶವನ್ನು ಬೈಯುವುದಕ್ಕೆ ಮುಂಚೆ ಅದರ ಕಷ್ಟವನ್ನೂ ನೋಡಬೇಕು. ಬರ್ಡ್‌ನೆಟ್ ಧ್ವನಿಯನ್ನು ಮೂರು ಸೆಕೆಂಡುಗಳ ತುಂಡುಗಳಾಗಿ ಕೇಳುತ್ತದೆ. ಅದರ ಪಟ್ಟಿಯಲ್ಲಿ ನಾಯಿಗೂ ಒಂದು ಹೆಸರಿದೆ. ಬೊಗಳಿದ ತುಂಡಿಗೆ ಆ ಹೆಸರನ್ನೇ ಸರಿಯಾಗಿ ಹಾಕುತ್ತದೆ. ಆದರೆ ಊಳಿನ ಬಾಲ ಮುಂದಿನ ತುಂಡಿನಲ್ಲಿ ಒಂಟಿಯಾಗಿ ಸಿಕ್ಕಿದಾಗ ಅದು ಗೂಬೆಯಾಗಿಬಿಡುತ್ತದೆ. ತುಂಡುಗಳು ಎರಡು ಸೆಕೆಂಡುಗಳಷ್ಟು ಒಂದರ ಮೇಲೊಂದು ಹಾಯುವಂತೆ ಮಾಡಿದ ಮೇಲೆ ಬಹುಪಾಲು ಗೂಬೆಗಳು ನಾಯಿಗಳಾದವು. ಅಲ್ಲಿಗೆ ಪಟ್ಟಿ ಶುದ್ಧವಾಯಿತೇ ಹೊರತು ದತ್ತಾಂಶ ಉಳಿಯಲಿಲ್ಲ, ಏಕೆಂದರೆ ಬೆಳಕು ಹರಿಯುವ ಮೊದಲೇ ಹಾಡಲು ತೊಡಗುವ ಮಡಿವಾಳ ಹಕ್ಕಿಯ ಸಿಳ್ಳು ಆ ಊಳಿನ ಅಡಿಯಲ್ಲಿ ಹೂತುಹೋಗಿತ್ತು. ಋತು ಮುಗಿಯುವವರೆಗೂ ಜಾಗ ಬದಲಿಸುವಂತಿಲ್ಲ ಎಂಬುದು ಸಂಶೋಧಕರ ಕರಾರು; ಹೊಸದಾಗಿ ಬಂದ ನಾಯಿಯನ್ನು ಕೋಣೆಯಲ್ಲಿ ಕೂಡಿಹಾಕಿದರೆ ಊಳು ಇಮ್ಮಡಿಯಾಗುತ್ತದೆ. ಹಾಗಾಗಿ ಕೆಂಪಿಯನ್ನೇ ಒಲಿಸಬೇಕಾಯಿತು.

ಅವಳನ್ನು ಕೆಣಕುತ್ತಿದ್ದದ್ದು ಗಂಡು ಕೋಗಿಲೆ. ಅದರ ಕೂಗು ಕೆಳದನಿಯಲ್ಲಿ ಶುರುವಾಗಿ ಒಂದೊಂದಕ್ಕೂ ಏರುತ್ತ ಹೋಗುತ್ತದಲ್ಲ. ಮೂರನೆಯ ಕೂಗಿಗೆ ಕೆಂಪಿಯ ಕಿವಿ ಹಿಂದಕ್ಕೆ ಮಡಚುತ್ತದೆ, ಐದನೆಯದಕ್ಕೆ ಮೂತಿ ಸೂರನ್ನು ನೋಡುತ್ತದೆ, ಆಮೇಲೆ ಕೋಳಿಯಲ್ಲ, ಕುರಿಯನ್ನೇ ತಂದರೂ ತಿರುಗಿ ನೋಡುವುದಿಲ್ಲ. ಹೆಣ್ಣು ಕೋಗಿಲೆಯ ಕಿಕ್-ಕಿಕ್‌ಗೆ ಮಾತ್ರ ಅವಳ ಕಿವಿಯೂ ಅಲುಗದು. ಆದ್ದರಿಂದ ಧ್ವನಿ ಕತ್ತರಿಸಿ ಜೋಡಿಸುವ ಆಡಾಸಿಟಿ ತಂತ್ರಾಂಶದಲ್ಲಿ ಕೋಗಿಲೆಯ ಮೊದಲ ಎರಡು ಕೂಗುಗಳನ್ನಷ್ಟೇ ಕತ್ತರಿಸಿಕೊಂಡು, ಮಧ್ಯಾಹ್ನದ ಹೊತ್ತು ನಡುಮನೆಯ ಕಿಟಕಿಗಳನ್ನೆಲ್ಲ ಮುಚ್ಚಿ, ಮೊಬೈಲಿನಲ್ಲಿ ಕೇಳಿಯೂ ಕೇಳದಷ್ಟು ಸಣ್ಣ ದನಿಯಲ್ಲಿ ಹಾಕುತ್ತ, ಕೂಗು ಮುಗಿದೊಡನೆ ಕೋಳಿಯ ಚೂರು ಕೊಡತೊಡಗಿದೆ. ಹೊರಗೆ ಹಾಕುವಂತಿರಲಿಲ್ಲ: ಸಂತಾನದ ಕಾಲದಲ್ಲಿ ಪಕ್ಕದ ಮರದ ಕೋಗಿಲೆ ಎದುರಾಳಿ ಬಂದನೆಂದು ಕೂಗಲು ನಿಂತರೆ ಹಕ್ಕಿಗೂ ಹಿಂಸೆ, ಎಣಿಕೆಯೂ ಸುಳ್ಳು. ಅವಳು ಕಿವಿ ಮಡಚದೆ ನನ್ನ ಕೈ ನೋಡುವಂತಾದ ಮೇಲೆ ಮೂರನೆಯ ಕೂಗನ್ನು ಸೇರಿಸಿದೆ, ಹೀಗೆಯೇ ಮುಂದಿನದನ್ನೂ. ಈಗ ನಸುಕಿನಲ್ಲಿ ನಿಜವಾದ ಕೋಗಿಲೆ ಕೂಗಿದರೆ ಕೆಂಪಿ ಸದ್ದಿಲ್ಲದೆ ಬಂದು ನನ್ನ ಹೊದಿಕೆ ಎಳೆಯುತ್ತಾಳೆ. ನಿದ್ದೆ ಹೋದದ್ದು ನನ್ನದು ಮಾತ್ರ.

ಇದರ ನಡುವೆ ಎಸ್‌ಡಿ ಕಾರ್ಡ್ ಮಾರಿದ ಪುಣ್ಯಾತ್ಮರನ್ನು ನೆನೆಯದಿರಲಾರೆ. 48 ಕಿಲೋಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 48 ಸಾವಿರ ಸಲ ಧ್ವನಿಯನ್ನು ಅಳೆದು ಮುದ್ರಿಸಿದರೆ, ಗಂಟೆಗೆ ಸುಮಾರು 345 ಎಂಬಿ ಆಗುತ್ತದೆ. 64 ಜಿಬಿ ಎಂದು ಕೊಟ್ಟ ಕಾರ್ಡು ಎರಡು ತಿಂಗಳಿಗೂ ಮಿಕ್ಕಬೇಕಿತ್ತು, ಆದರೆ ಎರಡನೆಯ ವಾರದ ಹೊತ್ತಿಗೆ ಕಡತಗಳೆಲ್ಲ ಖಾಲಿ. ಕೇಳಿದರೆ “ಸೆಟ್ಟಿಂಗ್ ಚೆಕ್ ಮಾಡಿ ಸಾರ್” ಎಂಬ ಉಪದೇಶ. ನಾಯಿಯ ಬಾಡಿ ಬೆಲ್ಟಿನವರದೂ ಇದೇ ಕತೆ: ನಮ್ಮ ನಾಟಿ ನಾಯಿಗಳಿಗೆ ಎದೆ ಆಳ, ಸೊಂಟ ಸಣ್ಣ ಎಂಬುದನ್ನು ಅವರ ಅಳತೆಪಟ್ಟಿ ಇನ್ನೂ ಒಪ್ಪಿಕೊಂಡಿಲ್ಲ.

ಇಷ್ಟಾದ ಮೇಲೆ ನಿಜವಾದ ಗೂಬೆಯನ್ನು ಹುಡುಕದೆ ಬಿಡುವುದುಂಟೇ? ಊರಾಚೆಯ ಹುಣಸೆ ತೋಪಿನಲ್ಲಿ, ಮಾಲೀಕರು ಒಪ್ಪಿದರೆ, ಎರಡನೆಯ ರೆಕಾರ್ಡರ್ ಕಟ್ಟುವ ಆಲೋಚನೆಯಿದೆ. ಗೂಬೆಗಳ ದನಿ ತಗ್ಗಿನದಾದ್ದರಿಂದ ಅಲ್ಲಿ 16 ಕಿಲೋಹರ್ಟ್ಸ್ ಸಾಕು, ಜಾಗ ಮೂರನೇ ಒಂದು ಪಾಲಿಗೆ ಇಳಿಯುತ್ತದೆ. ಆದರೆ ಅದಕ್ಕೂ ಮೊದಲು, ಮಳೆಗಾಲದ ಹೊತ್ತಿಗೆ ಬ್ರೈನ್‌ಫೀವರ್ ಹಕ್ಕಿಯ ಕೂಗು ಜೋರಾಗುತ್ತದೆ, ಅದೂ ಕೋಗಿಲೆಯಂತೆಯೇ ಮೆಟ್ಟಿಲು ಮೆಟ್ಟಿಲಾಗಿ ಏರುವಂಥದ್ದು. ಅದರ ಮೊದಲ ಕೂಗುಗಳನ್ನು ಈಗಲೇ ಕತ್ತರಿಸಿಟ್ಟುಕೊಂಡಿದ್ದೇನೆ; ಕೋಳಿ ಅಂಗಡಿಯವರಿಗೂ ಹೇಳಿಟ್ಟಿದ್ದೇನೆ.