ಇದು ಯಾವ ಇಸವಿಯ ಜಾವಾ?

“ತಾತನ ಗಾಡಿ, ಕೊಟ್ಟಿಗೆಯಲ್ಲಿ ನಿಂತಿತ್ತು. ಯಾವ ಇಸವಿಯದು ಹೇಳಿ ಸರ್.” ಮೊಬೈಲಿಗೆ ಬರುವ ಈ ಒಕ್ಕಣೆಯ ಜೊತೆಗೆ ಸಾಮಾನ್ಯವಾಗಿ ಒಂದೇ ಒಂದು ಫೋಟೊ ಇರುತ್ತದೆ. ಫೋಟೊದ ತುಂಬ ಪೆಟ್ರೋಲ್ ಟ್ಯಾಂಕು. ಹೊಸದಾಗಿ ಬಳಿದ ಕಡುಗೆಂಪು, ಅಂಚಿಗೆ ಚಿನ್ನದ ಗೆರೆ, ಪಕ್ಕದಲ್ಲಿ ಜಾವಾ ಬೈಕಿನ ಹೆಸರಿನ ಬಿಲ್ಲೆ. ಮದುಮಗನ ಪೇಟ ನೋಡಿ ವಯಸ್ಸು ಹೇಳಿ ಎಂದ ಹಾಗಾಯಿತು. ಈ ಗಾಡಿಯಲ್ಲಿ ಅತಿ ಸುಲಭವಾಗಿ ಬದಲಾಗುವ ಭಾಗವೇ ಟ್ಯಾಂಕು. ಬಣ್ಣವಂತೂ ಅದಕ್ಕಿಂತ ಸುಲಭ.

ಎಲ್ಲರಿಗೂ ಬಿಡಿಬಿಡಿಯಾಗಿ ಹೇಳುತ್ತಿರುವ ಉತ್ತರವನ್ನು ಇಲ್ಲಿ ಒಟ್ಟಿಗೆ ಬರೆದಿಟ್ಟಿದ್ದೇನೆ. ಚಾಸಿಸ್, ಅಂದರೆ ಗಾಡಿಯ ಚೌಕಟ್ಟು ಮೊದಲು, ಕಾಗದ ಆಮೇಲೆ, ಎಂಜಿನ್ ಅದರ ನಂತರ. ಬಣ್ಣ ಮತ್ತು ಬಿಲ್ಲೆ ಲೆಕ್ಕಕ್ಕೇ ಇಲ್ಲ. ಈ ಕ್ರಮ ತಪ್ಪಿದರೆ ಅದೇ ಕಾರ್ಖಾನೆಯ ಈಚಿನ ಯೆಜ್ಡಿಯೊಂದು ಹಳೆಯ ಜಾವಾ ಆಗಿಬಿಡುತ್ತದೆ. ಆಗಿಬಿಡುತ್ತದೆ ಎನ್ನುವುದಕ್ಕಿಂತ, ಆಗಿಸಿ ಮಾರುತ್ತಾರೆ ಎನ್ನುವುದು ಸರಿ.

ಮೊದಲು ಹಿನ್ನೆಲೆಯನ್ನು ಚುಟುಕಾಗಿ ಹೇಳುತ್ತೇನೆ. ಮುಂಬಯಿಯಲ್ಲಿ ಜೆಕೊಸ್ಲೊವಾಕಿಯಾದ ಜಾವಾ ಬೈಕುಗಳನ್ನು ತರಿಸಿ ಮಾರುತ್ತಿದ್ದ ಇರಾನಿ ಕುಟುಂಬ ಮೈಸೂರಿನ ಯಾದವಗಿರಿಯಲ್ಲಿ ‘ಐಡಿಯಲ್ ಜಾವಾ’ ಕಾರ್ಖಾನೆಯನ್ನು ಕಟ್ಟಿತು. ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್ 1961ರಲ್ಲಿ ಅದನ್ನು ಉದ್ಘಾಟಿಸಿದರು. 1960ರ ದಶಕದುದ್ದಕ್ಕೂ ಅಲ್ಲಿಂದ ಹೊರಬಂದ ದೊಡ್ಡ ಗಾಡಿ ಜಾವಾ 250, ಗ್ಯಾರೇಜಿನ ಮಾತಿನಲ್ಲಿ ‘ಎ’ ಮಾದರಿ. 1970ರ ದಶಕದ ಆರಂಭದಲ್ಲಿ ಟ್ಯಾಂಕಿನ ಮೇಲೆ ಯೆಜ್ಡಿ ಎಂಬ ಹೆಸರು ಬಂದಿತು. ‘ಬಿ’ ಮಾದರಿ, ಆಯಿಲ್‌ಕಿಂಗ್, ರೋಡ್‌ಕಿಂಗ್, ಕ್ಲಾಸಿಕ್, 175, ಎರಡು ಸಿಲಿಂಡರಿನ 350, ಇವೆಲ್ಲ ಯೆಜ್ಡಿಗಳೇ. ಕಾರ್ಖಾನೆ 1996ರಲ್ಲಿ ಮುಚ್ಚಿತು. ಹಾಗಾಗಿ ಒಬ್ಬರು “1982ರ ಜಾವಾ” ಎಂದರೆ ನಾನು ಒಂದು ಕ್ಷಣ ಸುಮ್ಮನಿರುತ್ತೇನೆ. ಮೈಸೂರಿನಲ್ಲಿ ತಯಾರಾದದ್ದೇ ಆದರೆ ಅದು ಯೆಜ್ಡಿ. ನಮ್ಮ ಊರುಗಳಲ್ಲಿ ಎಲ್ಲ ಯೆಜ್ಡಿಗಳನ್ನೂ ಜಾವಾ ಎಂದೇ ಕರೆಯುವ ರೂಢಿಯಿತ್ತು ಎಂಬುದು ನಿಜ. ಆದರೆ ಬೆಲೆ ಕಟ್ಟುವಾಗ ರೂಢಿಯ ಮಾತು ನಡೆಯುವುದಿಲ್ಲ.

ಎ ಮಾದರಿಯನ್ನು ಗುರುತಿಸುವುದು ಹೇಗೆ? ಹೆಡ್‌ಲೈಟಿನ ಕಡೆ ನೋಡಿ. ದೀಪ, ಸ್ಪೀಡೋಮೀಟರ್ ಎರಡನ್ನೂ ಒಂದೇ ಉದ್ದನೆಯ ಚಿಪ್ಪಿನೊಳಗೆ ಕೂರಿಸಿರುತ್ತಾರೆ. ಆ ಚಿಪ್ಪು ಹ್ಯಾಂಡಲಿನೊಂದಿಗೆ ಬೆಸೆದುಕೊಂಡಂತೆ ಕಾಣುತ್ತದೆ. ಟ್ಯಾಂಕು ದುಂಡಗಿರುತ್ತದೆ, ಎರಡೂ ಬದಿಗೆ ಮೊಣಕಾಲು ಒತ್ತಲು ರಬ್ಬರಿನ ಪಟ್ಟಿ. ಚಕ್ರವನ್ನು ಅರ್ಧ ಮುಚ್ಚುವಷ್ಟು ಆಳದ ಮಡ್‌ಗಾರ್ಡ್. ಚೈನು ಕಣ್ಣಿಗೆ ಬೀಳುವುದೇ ಇಲ್ಲ, ಪೂರ್ತಿ ಕವರಿನೊಳಗೆ. ಚಕ್ರ 16 ಇಂಚಿನದು; ರೋಡ್‌ಕಿಂಗ್‌ನದು 18 ಇಂಚು. ಟೇಪು ಹಿಡಿದು ಅಳೆಯುವ ಅಗತ್ಯವೂ ಇಲ್ಲ, ಟೈರಿನ ಪಕ್ಕದಲ್ಲೇ ಬರೆದಿರುತ್ತದೆ. 1978ರಲ್ಲಿ ಬಂದ ರೋಡ್‌ಕಿಂಗ್‌ನಲ್ಲಿ ಸ್ಪೀಡೋಮೀಟರ್ ಹೆಡ್‌ಲೈಟಿನಿಂದ ಬೇರೆಯಾಗಿ ನಿಂತಿದೆ, ಟ್ಯಾಂಕು ತೆಳ್ಳಗಾಗಿದೆ. ಎ ಮಾದರಿಯದು 12 ಅಶ್ವಶಕ್ತಿ, ರೋಡ್‌ಕಿಂಗ್‌ನದು 16. ಓಡಿಸಿದವರಿಗೆ ವ್ಯತ್ಯಾಸ ಮೊದಲ ಚಡಾವಿನಲ್ಲೇ ಗೊತ್ತಾಗುತ್ತದೆ.

ಸೈಲೆನ್ಸರುಗಳನ್ನು ಎಣಿಸಿ “ಎರಡು ಸಿಲಿಂಡರ್” ಎನ್ನುವವರೂ ಇದ್ದಾರೆ. 250ರಲ್ಲಿ ಒಂದೇ ಸಿಲಿಂಡರಿನಿಂದ ಎರಡು ಹೊಗೆ ಕೊಳವೆಗಳು ಹೊರಡುತ್ತವೆ. ಸ್ಪಾರ್ಕ್ ಪ್ಲಗ್ಗು ಒಂದಿದ್ದರೆ 250 ಅಥವಾ 175, ಎರಡಿದ್ದರೆ 350. ಗೇರು ಹಾಕುವ ಸನ್ನೆಯನ್ನೇ ಮೇಲಕ್ಕೆ ತಿರುಗಿಸಿ ಕಿಕ್ ಹೊಡೆಯುವ ಪ್ರಸಿದ್ಧ ಏರ್ಪಾಡಿನಿಂದ ಇಸವಿ ತಿಳಿಯುವುದಿಲ್ಲ. ಅದು ಮೊದಲಿನಿಂದ ಕೊನೆಯವರೆಗೂ ಇದ್ದದ್ದೇ.

ನೋಟವನ್ನು ನಂಬಿದವರು ಹೆಚ್ಚಾಗಿ ಎಡವುವುದು ಕ್ಲಾಸಿಕ್ ಮುಂದೆ. ರೋಡ್‌ಕಿಂಗ್ ಬಂದ ಮೇಲೂ ಕಾರ್ಖಾನೆ ಹಳೆಯ ಮೈಕಟ್ಟನ್ನು ಕೈಬಿಡಲಿಲ್ಲ. ಹಳೆಯ ದುಂಡು ಟ್ಯಾಂಕಿನ ಗಾಡಿಯೂ ಹೊಸ ತೆಳು ಟ್ಯಾಂಕಿನ ಗಾಡಿಯೂ ಒಂದೇ ಕಾಲದಲ್ಲಿ ಒಂದೇ ಕಾಂಪೌಂಡಿನಿಂದ ಹೊರಬರುತ್ತಿದ್ದವು. ಹೀಗಾಗಿ ಹಳೆಯದರಂತೆ ಕಾಣುವ ಗಾಡಿ 1980ರ ದಶಕದ ಕೊನೆಯದಾಗಿರಬಹುದು. ಅಂಥದಕ್ಕೆ ಕಡುಗೆಂಪು ಬಳಿದು ಬಿಲ್ಲೆ ಬದಲಾಯಿಸಿದರೆ, ಹತ್ತಡಿ ದೂರದಿಂದ ಯಾರೂ ಬೇರೆ ಎನ್ನಲಾರರು. 2018ರಲ್ಲಿ ಜಾವಾ ಹೆಸರಿನ ಹೊಸ ಬೈಕುಗಳು ಮಾರುಕಟ್ಟೆಗೆ ಬಂದ ಮೇಲೆ ಹಳೆಯವುಗಳ ಬಗ್ಗೆ ಕುತೂಹಲ ಹೆಚ್ಚಿತು. ಜೊತೆಗೆ ಈ ಬಣ್ಣದ ವೇಷವೂ ಹೆಚ್ಚಿತು.

ಬಣ್ಣದಿಂದ ಏನೂ ತಿಳಿಯದೆ? ತಿಳಿಯುತ್ತದೆ, ಮೇಲಿನ ಬಣ್ಣದಿಂದಲ್ಲ, ಅಡಿಯ ಬಣ್ಣದಿಂದ. ಟ್ಯಾಂಕು ಇಳಿಸಿ ಅದರ ಕೆಳಗಿನ ಚಾಸಿಸ್ ಪೈಪನ್ನು ಉಗುರಿನಿಂದ ಕೆರೆದು ನೋಡಿ. ಟೂಲ್‌ಬಾಕ್ಸಿನ ಮುಚ್ಚಳದ ಒಳಮೈ, ಸೀಟಿನ ಅಡಿ, ಹ್ಯಾಂಡಲಿನ ಕುತ್ತಿಗೆಯ ಸಂದುಗಳನ್ನೂ ನೋಡಿ. ಪೇಂಟರ್ ಕೈ ತಲುಪದ ಜಾಗಗಳು ಇವು. ಮೇಲೆ ಕೆಂಪು, ಅದರಡಿ ಕಪ್ಪು, ಅದರಡಿ ಮತ್ತೆ ಮಾಸಿದ ಕೆಂಪು, ಹೀಗೆ ಪದರ ಪದರವಾಗಿ ಸಿಗುತ್ತದೆ. ಕೆಂಪು ಎ ಮಾದರಿಯಲ್ಲಿ ಸಾಮಾನ್ಯವಾಗಿ ಚಾಸಿಸ್ಸಿಗೂ ಮೈಗೂ ಒಂದೇ ಬಣ್ಣ. ಟ್ಯಾಂಕಿನ ತೀರಾ ಅಡಿಯ ಪದರ ಒಂದಾಗಿ, ಚಾಸಿಸ್‌ನದು ಮತ್ತೊಂದಾಗಿದ್ದರೆ ಅವೆರಡೂ ಒಟ್ಟಿಗೆ ಹುಟ್ಟಿದವಲ್ಲ ಎಂದು ಅನುಮಾನಿಸಬೇಕು. ಹಳೆಯ ಬಣ್ಣವನ್ನೆಲ್ಲ ಮರಳು ಹೊಡೆಸಿ ತೆಗೆಸಿ, ಹೊಸ ಬಣ್ಣ ಹಾಕಿಸಿ ಆಮೇಲೆ ಇಸವಿ ಕೇಳಲು ಬರುವವರ ಮೇಲೆ ನನಗೆ ಸಿಟ್ಟು ಬರುವುದು ಈ ಕಾರಣಕ್ಕೇ. ಸಾಕ್ಷಿಯನ್ನು ತೊಳೆದು ಹಾಕಿ ತೀರ್ಪು ಕೇಳುತ್ತಾರೆ.

ಎಂಜಿನ್ ವಿಷಯ. ಮೈಸೂರಿನ 250 ಎಂಜಿನ್ನುಗಳ ತಳಹದಿ ಒಂದೇ: 65 ಮಿಲಿಮೀಟರ್ ಬೋರು (ಸಿಲಿಂಡರಿನ ಒಳ ಅಗಲ), 75 ಮಿಲಿಮೀಟರ್ ಸ್ಟ್ರೋಕು (ಪಿಸ್ಟನ್ ಓಡಾಡುವ ದೂರ), ಟೂ-ಸ್ಟ್ರೋಕ್ ಕೆಲಸ. ಒಂದರ ಭಾಗ ಇನ್ನೊಂದಕ್ಕೆ ಅಷ್ಟಿಷ್ಟು ಉಜ್ಜಿ ಕೂರಿಸಿದರೆ ಕೂರುತ್ತದೆ. ಬಿಡಿಭಾಗ ಸಿಗದ ದಿನಗಳಲ್ಲಿ ಮೆಕ್ಯಾನಿಕ್‌ಗಳು ಗುಜರಿಯಿಂದ ತಂದ ಯೆಜ್ಡಿ ಎಂಜಿನ್ನನ್ನು ಜಾವಾ ಚಾಸಿಸ್‌ಗೆ ಕೂರಿಸಿ ಓಡಿಸಿದ್ದಾರೆ. ಅದರಲ್ಲಿ ಮೋಸವೇನೂ ಇರಲಿಲ್ಲ. ಮರುದಿನ ಹಾಲು ಹಾಕುವವನಿಗೆ ಗಾಡಿ ಬೇಕಿತ್ತು, ಅಷ್ಟೆ. ಆರಂಭದ ಗಾಡಿಗಳಲ್ಲಿ ಜೆಕೊಸ್ಲೊವಾಕಿಯಾದ ಗುರುತಿರುವ ಜಿಕೋವ್ ಕಾರ್ಬೊರೇಟರ್, ಪಾಲ್ ಕಂಪನಿಯ ವಿದ್ಯುತ್ ಭಾಗಗಳು ಸಿಗುತ್ತವೆ. ಸಿಕ್ಕರೆ ಸಂತೋಷ, ಆದರೆ ಅದನ್ನು ಪುರಾವೆ ಎನ್ನುವಂತಿಲ್ಲ. ಅಲ್ಲಿಂದ ಬಿಡಿಭಾಗಗಳನ್ನು ಇವತ್ತಿಗೂ ತರಿಸುವವರಿದ್ದಾರೆ. 6 ವೋಲ್ಟಿನ ಡೈನಮೊ ತೆಗೆದು 12 ವೋಲ್ಟಿಗೆ ಬದಲಾಯಿಸಿದ ಗಾಡಿಗಳೂ ಬೇಕಾದಷ್ಟಿವೆ. ಆದ್ದರಿಂದ ವೈರಿಂಗ್ ನೋಡಿ ಕಾಲ ಹೇಳಬೇಡಿ.

ಇನ್ನು ಚಾಸಿಸ್ ನಂಬರು. ಎಂಜಿನ್ ಬದಲಾದರೆ ರಿಪೇರಿ, ಚಾಸಿಸ್ ಬದಲಾದರೆ ಅದು ಬೇರೆಯೇ ಗಾಡಿ. ನಂಬರನ್ನು ಓದುವ ಒಳ್ಳೆಯ ವಿಧಾನ ಆರ್‌ಟಿಒ ಏಜೆಂಟರಿಗೆಲ್ಲ ಗೊತ್ತಿರುವ ಪೆನ್ಸಿಲ್ ಪ್ರಿಂಟ್. ಸೀಮೆಎಣ್ಣೆ ಬಟ್ಟೆಯಿಂದ ಜಿಡ್ಡು ಒರೆಸಿ, ಒಣಗಿಸಿ, ತೆಳು ಕಾಗದವನ್ನು ಬಿಗಿಯಾಗಿ ಒತ್ತಿಹಿಡಿದು, ಪೆನ್ಸಿಲ್ ಸೀಸವನ್ನು ಮಲಗಿಸಿ ಉಜ್ಜಬೇಕು. ಅಂಕಿಗಳು ಬಿಳಿಯಾಗಿ ಎದ್ದು ಬರುತ್ತವೆ. ಕಣ್ಣಿಗೆ ಕಾಣದ್ದು ಈ ಕಾಗದದಲ್ಲಿ ಕಾಣುತ್ತದೆ. ಒಂದು ಅಂಕಿ ಉಳಿದವಕ್ಕಿಂತ ಆಳ, ಒಂದು ವಾಲಿದೆ, ಸುತ್ತಲಿನ ಲೋಹದಲ್ಲಿ ಸಮಾನಾಂತರ ಗೀರುಗಳಿವೆ ಎಂದರೆ ಗ್ರೈಂಡರ್ ಆಡಿಸಿ ಮತ್ತೆ ಅಚ್ಚು ಹೊಡೆದಿರುವ ಸಾಧ್ಯತೆಯಿದೆ. ಅಂಥ ಗಾಡಿಯ ವಿಚಾರದಲ್ಲಿ ಇಸವಿಯ ಮಾತು ಹಾಗಿರಲಿ, ಮುಂಗಡವನ್ನೂ ಕೊಡಬೇಡಿ. ಪ್ರಿಂಟ್ ತೆಗೆದ ನಂಬರು ಆರ್‌ಸಿಯಲ್ಲಿರುವುದಕ್ಕೆ ಅಕ್ಷರಶಃ ಹೊಂದಬೇಕು. ಎಂಜಿನ್ ನಂಬರಿಗೂ ಇದೇ ಮಾತು. ಎಂಜಿನ್ ಬದಲಾಗಿದ್ದು ಅದು ಆರ್‌ಸಿಯಲ್ಲಿ ದಾಖಲಾಗಿದ್ದರೆ ತೊಂದರೆಯಿಲ್ಲ.

ಕಾಗದಗಳ ಬಗ್ಗೆ ನನಗೆ ಸ್ವಲ್ಪ ಹೆಚ್ಚೇ ಆಸೆ. ಆರ್‌ಸಿಯಲ್ಲಿರುವ ದಿನಾಂಕ ಮೊದಲ ನೋಂದಣಿಯದು. ಗಾಡಿ ತಯಾರಾದದ್ದು ಅದಕ್ಕೂ ಹಿಂದೆ. ಶೋರೂಮಿನಲ್ಲಿ ನಿಂತು ಮುಂದಿನ ವರ್ಷ ಮಾರಾಟವಾದವು ಇರುತ್ತವೆ. ಹಳೆಯ ಪುಸ್ತಕದಿಂದ ಕಾರ್ಡಿಗೆ ಇಳಿಸುವಾಗ ತಯಾರಿಕೆಯ ಇಸವಿಯ ಜಾಗದಲ್ಲಿ ನೋಂದಣಿಯ ಇಸವಿಯನ್ನೇ ತುಂಬಿಬಿಡುವುದೂ ಉಂಟು. ಆದ್ದರಿಂದ ಹರಿದ, ಗೆದ್ದಲು ತಿಂದ ಆ ಹಳೆಯ ಪುಸ್ತಕವನ್ನು ಎಸೆಯಬೇಡಿ. ನಂಬರ್ ಪ್ಲೇಟೂ ಕಾಲ ಹೇಳುತ್ತದೆ. ನಮ್ಮ ರಾಜ್ಯದಲ್ಲಿ ಎಂವೈ ಎಂದು ಶುರುವಾಗುವವು ಹಳೆಯವು, ಎಂಇ ಅವುಗಳ ನಂತರ, ಸಿಎ ಇನ್ನೂ ಈಚಿನವು. ಸರ್ಕಾರಿ ಬಸ್ಸುಗಳ ಎಂವೈಎಫ್, ಎಂಇಎಫ್, ಸಿಎಎಫ್ ನೆನಪಿರುವವರಿಗೆ ಈ ಸಾಲನ್ನು ಬಿಡಿಸಿ ಹೇಳಬೇಕಿಲ್ಲ. ಕೆಎ ಬಂದದ್ದು 1989ರಲ್ಲಿ. ಆದರೆ ಕೆಎ ಇದ್ದ ಮಾತ್ರಕ್ಕೆ ಗಾಡಿ ಹೊಸದಲ್ಲ. ಹಳೆಯ ಗಾಡಿ ಬೇರೆ ರಾಜ್ಯದಿಂದ ಬಂದು ಇಲ್ಲಿ ಮರುನೋಂದಣಿಯಾಗಿರಬಹುದು.

ದಿನಾಂಕವಿಲ್ಲದ ಕಾಗದವೂ ಬಾಯಿಬಿಡುತ್ತದೆ. ಟೂಲ್‌ಬಾಕ್ಸಿನಲ್ಲೋ ಅಟ್ಟದ ಟ್ರಂಕಿನಲ್ಲೋ ಕಾರ್ಖಾನೆಯ ಕೈಪಿಡಿ ಅಥವಾ ಮಾರಾಟಗಾರರ ರಸೀದಿ ಸಿಕ್ಕರೆ ವಿಳಾಸವನ್ನು ಓದಿ. ಆರಂಕಿಯ ಪಿನ್‌ಕೋಡ್ ದೇಶದಲ್ಲಿ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. ವಿಳಾಸದಲ್ಲಿ ಅದು ಅಚ್ಚಾಗಿದ್ದರೆ ಆ ಕಾಗದ ಅದಕ್ಕೂ ಹಿಂದಿನದಾಗಿರಲು ಸಾಧ್ಯವೇ ಇಲ್ಲ. ‘ಮೈಸೂರು ರಾಜ್ಯ’ ಎಂದಿದ್ದರೆ 1973ರ ನವೆಂಬರ್ 1ರ ಹಿಂದೆ ಅಚ್ಚಾದದ್ದು. ಎರಡೂ ಒಂದೇ ಹಾಳೆಯಲ್ಲಿದ್ದರೆ ಹದಿನಾಲ್ಕೂವರೆ ತಿಂಗಳ ಸಂದಿನಲ್ಲಿ ಮುದ್ರಣದ ಕಾಲ ಸಿಕ್ಕಿತು. ಹುಷಾರು, ಸಿಕ್ಕಿದ್ದು ಮುದ್ರಣದ ಕಾಲ. ಹಳೆಯ ರಸೀದಿ ಪುಸ್ತಕ ಮುಗಿಯುವ ತನಕ ಅಂಗಡಿಯವರು ಹೊಸದನ್ನು ಅಚ್ಚು ಹಾಕಿಸುತ್ತಿರಲಿಲ್ಲ. ಹಾಗಾಗಿ ಪಿನ್‌ಕೋಡನ್ನು ಪೂರ್ತಿ ನಂಬುತ್ತೇನೆ, ರಾಜ್ಯದ ಹೆಸರನ್ನು ಮುಕ್ಕಾಲು ಪಾಲು. ಜಾವಾ ಯೆಜ್ಡಿಯಾದದ್ದೂ ಮೈಸೂರು ರಾಜ್ಯ ಕರ್ನಾಟಕವಾದದ್ದೂ ಹೆಚ್ಚುಕಡಿಮೆ ಒಂದೇ ಸಮಯದಲ್ಲಾದ್ದರಿಂದ, ಜಾವಾವೋ ಯೆಜ್ಡಿಯೋ ಎಂಬ ಜಗಳಗಳಲ್ಲಿ ಈ ಉಪಾಯ ಚೆನ್ನಾಗಿ ನಡೆಯುತ್ತದೆ.

ಇಷ್ಟೆಲ್ಲ ತಲೆಹರಟೆ ಏಕೆ ಎಂದು ಕೇಳುವವರಿಗೆ 2021ರ ಜುಲೈನ ಕೇಂದ್ರ ನಿಯಮವನ್ನು ತೋರಿಸುತ್ತೇನೆ. ಮೊದಲ ನೋಂದಣಿಯಿಂದ 50 ವರ್ಷ ದಾಟಿರುವ, ಚಾಸಿಸ್, ಮೈ, ಎಂಜಿನ್ ಗಣನೀಯವಾಗಿ ಬದಲಾಗದೆ ಮೂಲ ರೂಪದಲ್ಲಿರುವ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳಿಗೆ ‘ವಿಎ’ ಅಕ್ಷರಗಳಿರುವ ವಿಂಟೇಜ್ ನೋಂದಣಿ ಸಿಗುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ಹತ್ತು ವರ್ಷ ಊರ್ಜಿತ. ದಿನನಿತ್ಯದ ಓಡಾಟಕ್ಕಾಗಲಿ ಬಾಡಿಗೆಗಾಗಲಿ ಅಂಥ ಗಾಡಿಯನ್ನು ಬಳಸುವಂತಿಲ್ಲ. ಇಲ್ಲಿ ಲೆಕ್ಕಕ್ಕೆ ಬರುವುದು ನೋಂದಣಿಯ ದಿನ, ಕಾರ್ಖಾನೆಯಿಂದ ಹೊರಬಿದ್ದ ದಿನವಲ್ಲ. ಎ ಮಾದರಿಗಳೆಲ್ಲ ಈಗಾಗಲೇ ಗೆರೆ ದಾಟಿವೆ. ಬಿ ಮಾದರಿ ದಾಟಿದೆ, ಇಲ್ಲವೇ ದಾಟುತ್ತಿದೆ. ರೋಡ್‌ಕಿಂಗ್‌ಗಳು ಕಾಯಬೇಕು. ಯೆಜ್ಡಿ ಎಂಜಿನ್ ಕೂರಿಸಿಕೊಂಡ ಜಾವಾ ಈ ತಪಾಸಣೆಯಲ್ಲಿ ಹೇಗೆ ನಿಲ್ಲುತ್ತದೆ ಎಂಬುದನ್ನು ದುಡ್ಡು ಕೊಡುವ ಮೊದಲೇ ಯೋಚಿಸುವುದು ಒಳ್ಳೆಯದು. ಓಡಿಸುವ ಖುಷಿಗೆ ಕೊಳ್ಳುವವರಿಗೆ ಇದೆಲ್ಲ ಬೇಡ. ಅವರಿಗೆ ನನ್ನ ಸಲಹೆ ರೋಡ್‌ಕಿಂಗ್.

ಜೆಟ್, ಕೋಲ್ಟ್ ಎಂಬ ಇದೇ ಕಾರ್ಖಾನೆಯ ಪುಟ್ಟ ಗಾಡಿಗಳ ಬಗ್ಗೆಯೂ ಕೇಳುತ್ತಾರೆ. ಕ್ರಮ ಅದೇ. ಆದರೆ ಅವುಗಳನ್ನು ಮಕ್ಕಳು ಕಲಿಯಲು ಬಳಸಿ, ಬಿಚ್ಚಿ, ಒಂದರದ್ದನ್ನು ಇನ್ನೊಂದಕ್ಕೆ ಹಾಕಿ ಮುಗಿಸಿರುತ್ತಾರೆ. ಪೂರ್ತಿ ಉಳಿದ ಗಾಡಿ ಸಿಕ್ಕರೆ ಇಸವಿ ತಿಳಿಯುವ ಮೊದಲೇ ಕೊಂಡುಬಿಡಿ.

ಇನ್ನು ಮುಂದೆ ಕೇಳುವವರು ಟ್ಯಾಂಕಿನ ಫೋಟೊ ಬಿಡಿ. ಚಾಸಿಸ್ ನಂಬರಿನ ಪೆನ್ಸಿಲ್ ಪ್ರಿಂಟ್, ಎಂಜಿನ್ ನಂಬರಿನದು, ಆರ್‌ಸಿಯ ಎಲ್ಲ ಪುಟಗಳು, ಎಡಬಲ ಎರಡೂ ಬದಿಯಿಂದ ಪೂರ್ತಿ ಗಾಡಿ, ಮತ್ತು ಟ್ಯಾಂಕು ಇಳಿಸಿದ ಮೇಲೆ ಕಾಣುವ ಚಾಸಿಸ್, ಇಷ್ಟನ್ನು ಕಳಿಸಿ. ಗಾಡಿಯನ್ನು ಪೇಂಟರ್ ಅಂಗಡಿಗೆ ಒಯ್ಯುವ ಮೊದಲು ಕಳಿಸಿ.