29 ಸೆಪ್ಟೆಂಬರ್ 2024, ಭಾನುವಾರ: ಅಮ್ಮ ಬ್ರೇಕ್ ಒತ್ತಿದಳು

ಬುಧವಾರ ಮಹಾಲಯ ಅಮಾವಾಸ್ಯೆ. ಈ ಸಲ ಎಲ್ಲರೂ ಸೇರುವುದು ಹೆಬ್ರಿಯಲ್ಲಿ, ದೊಡ್ಡಪ್ಪನ ಮನೆಯಲ್ಲಿ. ತೀರ್ಥಹಳ್ಳಿಯಿಂದ ಹೆಬ್ರಿಗೆ ಅಂದರೆ ಆಗುಂಬೆ ಘಾಟಿ ಇಳಿಯಲೇಬೇಕು. 14 ತಿರುವು. ಹಿಂದಿನ ಸೀಟಲ್ಲಿ ಅಮ್ಮ, ಮಕ್ಕಳು. ಆ ಕಾರಿನ ಬ್ರೇಕನ್ನು ಇವತ್ತು ನಾನೇ ಅಂಗಳದಲ್ಲಿ ಕೂತು ಬಿಚ್ಚಿ, ಹೊಸ ಪ್ಯಾಡ್ (ಚಕ್ರದ ಜೊತೆ ತಿರುಗುವ ಡಿಸ್ಕನ್ನು ಒತ್ತಿ ನಿಲ್ಲಿಸುವ ತುಂಡು) ಹಾಕಿ, ಬ್ರೇಕ್ ಎಣ್ಣೆ ಬದಲಿಸಿ, ಅದರೊಳಗೆ ಸೇರಿದ ಗಾಳಿ, ಅಂದರೆ ಏರ್, ತೆಗೆದಿದ್ದೇನೆ. ಜೀವನದಲ್ಲಿ ಮೊದಲ ಸಲ. ನಿದ್ದೆ ಹತ್ತುತ್ತಿಲ್ಲ.

ಗ್ಯಾರೇಜಿಗೆ ಯಾಕೆ ಕೊಡಲಿಲ್ಲ ಅಂತ ಭಾವ ಫೋನಲ್ಲಿ ಕೇಳಿದ. ಕೊಟ್ಟಿದ್ದೆ. ಪೆಡಲ್ ಸ್ವಲ್ಪ ಕೆಳಗೆ ಹೋಗ್ತಿದೆ, ನೋಡಿ ಅಂದಿದ್ದೆ. ಬಾನೆಟ್ ತೆಗೆದು, ಡಬ್ಬಿಗೆ ಒಂದಿಷ್ಟು ಬ್ರೇಕ್ ಆಯಿಲ್ ಸುರಿದು, 'ಸರಿಯಾಯ್ತು ಸಾರ್' ಅಂತ ಕಳಿಸಿದರು. ನೆನೆಸಿಕೊಂಡರೆ ಈಗಲೂ ಸಿಟ್ಟು ಬರುತ್ತದೆ. ಡಬ್ಬಿಯಲ್ಲಿ ಎಣ್ಣೆ ಯಾಕೆ ಇಳಿಯಿತು ಅಂತ ಯಾರೂ ನೋಡಲಿಲ್ಲ. ಎಲ್ಲೂ ಸೋರಿಕೆ ಇಲ್ಲದೆ ಎಣ್ಣೆ ಇಳಿದಿದೆ ಅಂದರೆ ಪ್ಯಾಡ್ ಸವೆದಿದೆ ಅಂತ ಲೆಕ್ಕ. ಪ್ಯಾಡ್ ತೆಳ್ಳಗಾದಷ್ಟೂ ಅದನ್ನು ತಳ್ಳುವ ಪಿಸ್ಟನ್ ಮುಂದೆ ಬರುತ್ತದೆ, ಆ ಜಾಗ ತುಂಬಲು ಎಣ್ಣೆ ಕೆಳಗಿಳಿಯುತ್ತದೆ. ಸುಮ್ನೆ ಮೇಲಿಂದ ತುಂಬಿಸಿದರೆ ಗಾಡಿ ಕೊಡ್ತಿದ್ದ ಸೂಚನೆಯನ್ನೇ ಅಳಿಸಿದ ಹಾಗೆ. ಇವತ್ತು ಪಿಸ್ಟನ್ ಹಿಂದೆ ತಳ್ಳಿದಾಗ ಆ ಹೆಚ್ಚುವರಿ ಎಣ್ಣೆಯೆಲ್ಲ ಡಬ್ಬಿಯ ಬಾಯಿವರೆಗೂ ಏರಿ ಬಂತು. ಪಕ್ಕದಲ್ಲೇ ಸಿರಿಂಜ್ ಇಟ್ಟುಕೊಂಡಿದ್ದೆ, ಎಳೆದು ತೆಗೆದೆ. ಬಾಡಿ ಮೇಲೆ ಚೆಲ್ಲಿದರೆ ಪೇಂಟೇ ಎದ್ದು ಬರುತ್ತದೆ, ತಕ್ಷಣ ನೀರು ಹಾಕಿ ತೊಳೆಯಬೇಕು.

ನಮ್ಮ ಕಡೆಯವರು ಈ ಎಣ್ಣೆಯ ಬಗ್ಗೆ ಸ್ವಲ್ಪ ತಲೆ ಕೆಡಿಸಿಕೊಳ್ಳಬೇಕು ಅಂತ ನನಗೆ ನಿಜವಾಗಿಯೂ ಅನ್ನಿಸುತ್ತದೆ. ಎಂಜಿನ್ ಆಯಿಲ್ ಬದಲಿಸದಿದ್ದರೆ ಎಲ್ಲರಿಗೂ ಚಿಂತೆ. ಬ್ರೇಕ್ ಆಯಿಲ್ ಕೇಳುವವರೇ ಇಲ್ಲ. ಅದು ಗಾಳಿಯಲ್ಲಿರುವ ತೇವ ಹೀರುತ್ತದೆ, ನಮ್ಮ ಮಲೆನಾಡಲ್ಲಂತೂ ತೇವಕ್ಕೆ ಬರವಿಲ್ಲ. ನಮ್ಮ ಗಾಡಿಯ ಎಣ್ಣೆ ಡಬ್ಬಿಯ ಮುಚ್ಚಳದ ಮೇಲೆ ಡಾಟ್ 3 ಅಂತಿದೆ, ಅದು ಬ್ರೇಕ್ ಆಯಿಲಿನ ದರ್ಜೆ. ಹೊಸ ಡಾಟ್ 3 ಕುದಿಯಲು ಕಡಿಮೆ ಅಂದರೂ 205 ಡಿಗ್ರಿ ಬೇಕು. ಅದರಲ್ಲಿ ನೂರಕ್ಕೆ 3.7 ಭಾಗ ನೀರು ಸೇರಿದರೆ 140 ಡಿಗ್ರಿ ತಾಳಿದರೆ ಸಾಕು ಅನ್ನುತ್ತದೆ ನಿಯಮ. ಘಾಟಿಯಲ್ಲಿ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಬಿಸಿ ಏರುತ್ತಾ ಹೋಗುತ್ತದೆ. ಎಣ್ಣೆ ಕುದಿದು ಒಳಗೆ ಆವಿಯಾಯಿತು ಅಂದರೆ ಪೆಡಲ್ ಸೀದಾ ನೆಲಕ್ಕೆ. ಸೆಕೆಂಡ್ ಗೇರಲ್ಲಿ ಇಳಿ ಅಂತ ಹಳೇ ಬಸ್ ಡ್ರೈವರ್‌ಗಳು ಹೇಳ್ತಿದ್ದದ್ದು ಇದಕ್ಕೇ ಅಲ್ವಾ?

ಪ್ಯಾಡ್ ಹಾಕುವುದು ಕಷ್ಟ ಆಗಲಿಲ್ಲ. ಚಕ್ರಕ್ಕೆ ಕಲ್ಲು ಕೊಟ್ಟು, ಜ್ಯಾಕ್ ಏರಿಸಿ, ಕೆಳಗೆ ಸ್ಟ್ಯಾಂಡ್ ಇಟ್ಟು, ಬಿಚ್ಚಿದ ಚಕ್ರವನ್ನೂ ಗಾಡಿಯಡಿ ತೂರಿಸಿದ್ದೆ. ಏನಾದರೂ ಜಾರಿದರೆ ಅದರ ಮೇಲೆ ಕೂರಲಿ ಅಂತ. ಪ್ಯಾಡ್ ಹಿಡಿದಿರುವ ಕ್ಯಾಲಿಪರನ್ನು ಅದರ ಹೋಸಿನಲ್ಲೇ ನೇತುಬಿಡಬಾರದು, ತಂತಿಯಲ್ಲಿ ಕಟ್ಟಿದ್ದೆ. ಒಳಗಿನ ಹಳೇ ಪ್ಯಾಡ್ ಸವೆದು, ಅದರ ಹಿಂದಿನ ಕಬ್ಬಿಣದ ತಟ್ಟೆ ಡಿಸ್ಕ್ ಮುಟ್ಟಲು ಇನ್ನು ಕೂದಲೆಳೆ ದೂರ ಇತ್ತು.

ಏರ್ ತೆಗೆಯುವುದಕ್ಕೆ ಮಾತ್ರ ಇಬ್ಬರು ಬೇಕು. ಒಬ್ಬರು ಪೆಡಲ್ ಹತ್ತಿರ, ಒಬ್ಬರು ಚಕ್ರದ ಹತ್ತಿರ. ಮನೆಯಲ್ಲಿದ್ದದ್ದು ಅಮ್ಮ ಒಬ್ಬಳೇ.

'ನಾನಾ? ಎಂಥ ಮಾರಾಯ, ನಾನು ಆ ಸೀಟಲ್ಲಿ ಕೂತವಳೇ ಅಲ್ಲ.'

'ಓಡಿಸೋದಲ್ಲಮ್ಮ. ಒತ್ತು ಅಂದಾಗ ಒತ್ತಿ ಹಿಡ್ಕೋ. ಬಿಡು ಅನ್ನುವವರೆಗೆ ಬಿಡಬಾರದು. ಅಷ್ಟೇ.'

ಸೀರೆ ಎತ್ತಿ ಸಿಕ್ಕಿಸಿ, ಚಪ್ಪಲಿ ಹೊರಗೆ ಬಿಟ್ಟು ಹತ್ತಿದಳು. ಕಾಲು ಎಟುಕಲಿಲ್ಲ. ಸೀಟು ಮುಂದೆ ಎಳೆದುಕೊಟ್ಟೆ. ಎರಡೂ ಕೈಯಲ್ಲಿ ಸ್ಟೀರಿಂಗ್ ಗಟ್ಟಿ ಹಿಡಿದು ಕೂತಳು.

ನಮ್ಮ ಗಾಡಿಯಲ್ಲಿ ಶುರು ಮಾಡುವುದು, ಪೆಡಲ್ ಒತ್ತಿದಾಗ ಎಣ್ಣೆ ತಳ್ಳುವ ಮಾಸ್ಟರ್ ಸಿಲಿಂಡರ್‌ಗೆ ಅತಿ ದೂರದ ಚಕ್ರದಿಂದ, ಅಂದರೆ ಹಿಂದಿನ ಎಡಗಡೆ. ಎಲ್ಲಾ ಗಾಡಿಗೂ ಇದೇ ಕ್ರಮ ಅಲ್ಲ, ಪುಸ್ತಕ ನೋಡಿಯೇ ಮಾಡಬೇಕು. ಚಕ್ರದ ಹತ್ತಿರ ಎಣ್ಣೆ ಹೊರಬಿಡುವ ತಿರುಪು, ಅಂದರೆ ನಿಪ್ಪಲ್‌ಗೆ ರಿಂಗ್ ಸ್ಪ್ಯಾನರ್ ಹಾಕಿ, ತುದಿಗೆ ಪಾರದರ್ಶಕ ಪೈಪ್ ಸಿಕ್ಕಿಸಿ, ಪೈಪಿನ ಇನ್ನೊಂದು ತುದಿಯನ್ನು ಬಾಟಲಿಯ ಎಣ್ಣೆಯೊಳಗೆ ಮುಳುಗಿಸಿದೆ.

'ಒತ್ತು.'

'ಒತ್ತಿದೆ.'

ಕಾಲು ಸುತ್ತು ಸಡಿಲಿಸಿದೆ. ಕಡು ಕಂದು ಎಣ್ಣೆ ಪೈಪಿನೊಳಗೆ ನುಗ್ಗಿತು. ನಡುವೆ ಒಂದು ಗುಳ್ಳೆ, ಹಿಂದೆ ಇನ್ನೊಂದು ಸಣ್ಣದು. 'ಕೆಳಗೆ ಹೋಯ್ತು, ಕೆಳಗೆ ಹೋಯ್ತು!' ಅಂತ ಅಮ್ಮ ಕೂಗಿದಳು. 'ಹೋಗ್ಲಿ, ಬಿಡಬೇಡ.' ನಿಪ್ಪಲ್ ಬಿಗಿ ಮಾಡಿದ ಮೇಲೆ 'ಬಿಡು' ಅಂದೆ. ಬಿಗಿ ಮಾಡುವ ಮೊದಲೇ ಕಾಲು ತೆಗೆದರೆ ಹೊರಗಿನ ಗಾಳಿ ಒಳಗೆ ಎಳೆದುಕೊಳ್ಳುತ್ತದೆ. ಇಡೀ ಕೆಲಸದ ಜೀವಾಳ ಇಷ್ಟೇ. ಇದು, ಮತ್ತೆ ಮೇಲಿನ ಡಬ್ಬಿ ಖಾಲಿಯಾಗದಂತೆ ಹೊಸ ಎಣ್ಣೆ ಹಾಕುತ್ತಾ ಇರುವುದು.

ಎರಡನೇ ಚಕ್ರಕ್ಕೆ ಬರುವಷ್ಟರಲ್ಲಿ ಅಮ್ಮನಿಗೆ ಲಯ ಸಿಕ್ಕಿತ್ತು. ಆಗ ಕೇಳಿದಳು, 'ಅಲ್ವೋ, ಇಷ್ಟು ಸಣ್ಣ ಗುಳ್ಳೆಯಿಂದ ಏನಾಗುತ್ತೆ?'

ಎಣ್ಣೆಯನ್ನು ಎಷ್ಟು ಒತ್ತಿದರೂ ಕುಗ್ಗುವುದಿಲ್ಲ ಅಂದೆ. ಕಾಲಿನ ಬಲ ಹಾಗೇ ಚಕ್ರಕ್ಕೆ ಮುಟ್ಟುತ್ತದೆ. ಗಾಳಿ ಇದ್ದರೆ, ಸೈಕಲ್ ಪಂಪಿನ ಬಾಯಿಗೆ ಬೆರಳಿಟ್ಟು ಒತ್ತಿದ ಹಾಗೆ, ಬಲವೆಲ್ಲ ಅದನ್ನು ಕುಗ್ಗಿಸುವುದಕ್ಕೇ ಹೋಗುತ್ತದೆ.

ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, 'ಘಾಟಿಲಿ ಹಿಂದಿನ ಸೀಟಲ್ಲಿ ಕೂತು ನಾನೂ ಒತ್ತುತ್ತಾ ಇರ್ತೇನೆ ಗೊತ್ತುಂಟಾ? ಪ್ರತಿ ತಿರುವಲ್ಲೂ. ಮನೆ ಮುಟ್ಟುವಾಗ ಬಲಗಾಲು ನೋವು.'

ನನಗೆ ಗೊತ್ತೇ ಇರಲಿಲ್ಲ. ಇಷ್ಟು ವರ್ಷ ಅವಳು ಕಿಟಕಿಯಾಚೆ ನೋಡುತ್ತಾ ಸುಮ್ನೆ ಕೂತಿರುತ್ತಾಳೆ ಅಂದುಕೊಂಡಿದ್ದೆ. ಕೈಯಲ್ಲಿ ಸ್ಪ್ಯಾನರ್ ಹಿಡಿದು ಏನು ಹೇಳಬೇಕೋ ತೋಚದೆ 'ಒತ್ತು' ಅಂದೆ. ಒತ್ತಿದಳು.

ಕೊನೆಗೆ ನಾಲ್ಕೂ ಕಡೆ ತಿಳಿ ಹಳದಿ ಎಣ್ಣೆ, ಒಂದೂ ಗುಳ್ಳೆ ಇಲ್ಲ. 'ಈಗ ಕಲ್ಲಿನ ಹಾಗಿದೆ' ಅಂದಳು. ಎಂಜಿನ್ ಸ್ಟಾರ್ಟ್ ಮಾಡಿದಾಗ ಪೆಡಲ್ ಚೂರು ಇಳಿದು ನಿಂತಿತು. ಅದು ಕಾಲಿನ ಬಲ ಹೆಚ್ಚಿಸುವ ಬೂಸ್ಟರ್ ಕೆಲಸ, ಹಾಗೇ ಆಗಬೇಕು. ತುಂಬಾ ಹೊತ್ತು ಒತ್ತಿ ಹಿಡಿದೆ, ಮತ್ತೆ ಇಳಿಯಲಿಲ್ಲ. ನಿಪ್ಪಲ್‌ಗಳ ಸುತ್ತ ಒರೆಸಿ, ಮತ್ತೆ ಒತ್ತಿ, ಟಾರ್ಚ್ ಬಿಟ್ಟು ನೋಡಿದೆ. ಒಣಗಿಯೇ ಇತ್ತು. ಮೊದಲು ಅಂಗಳದಲ್ಲೇ, ಆಮೇಲೆ ತೋಟದ ದಾರಿಯಲ್ಲಿ, ಆಮೇಲೆ ಖಾಲಿ ಇದ್ದ ದೊಡ್ಡ ರಸ್ತೆಯಲ್ಲಿ ನಿಲ್ಲಿಸಿ ನಿಲ್ಲಿಸಿ ನೋಡಿದೆ. ನಿಂತಿತು.

ಆದರೂ ಹೆಂಡತಿ ಊಟಕ್ಕೆ ಬಡಿಸುತ್ತಾ 'ಬಸ್ಸಿಗೆ ಹೋದರೆ ಆಗಲ್ವಾ?' ಅಂದಳು. ನನಗೆ ಉತ್ತರ ಬರಲಿಲ್ಲ. ಅಮ್ಮನೇ ಹೇಳಿದಳು, 'ಗುಳ್ಳೆ ಹೋದದ್ದನ್ನು ಅವನು ನೋಡಿದ್ದಾನೆ, ಕಾಲಿಗೆ ಗಟ್ಟಿ ಸಿಕ್ಕಿದ್ದು ನನಗೆ ಗೊತ್ತುಂಟು. ಗ್ಯಾರೇಜಿನಿಂದ ಬಂದಾಗ ನಾವು ಏನು ನೋಡಿದ್ದೆವು?'

ನಾಳೆ, ನಾಡಿದ್ದು ಇದೇ ಗಾಡಿಯಲ್ಲಿ ಪೇಟೆಗೆ ಓಡಾಡುತ್ತೇನೆ, ಒಬ್ಬನೇ. ಪ್ಯಾಡ್ ಡಿಸ್ಕಿಗೆ ಕೂರಬೇಕು. ಚಕ್ರದ ನಟ್‌ಗಳನ್ನು ಇನ್ನೊಮ್ಮೆ ಬಿಗಿ ನೋಡಬೇಕು. ಮಂಗಳವಾರ ಸಂಜೆ ಎಣ್ಣೆಯ ಮಟ್ಟ ಗೆರೆಯಿಂದ ಒಂದು ಕೂದಲು ಇಳಿದಿದ್ದರೂ ಬಸ್ಸೇ.

ಹಳೇ ಎಣ್ಣೆಯ ಬಾಟಲಿ ಸೌದೆ ಕೊಟ್ಟಿಗೆಯಲ್ಲಿದೆ, ಮಕ್ಕಳ ಕೈಗೆ ಸಿಗದಂತೆ ಮೇಲಿಟ್ಟಿದ್ದೇನೆ. ಚರಂಡಿಗೆ ಸುರಿಯುವಂತಿಲ್ಲ, ನಮ್ಮ ಚರಂಡಿ ಹೋಗುವುದು ತುಂಗೆಗೆ. ಹಳೇ ಎಂಜಿನ್ ಆಯಿಲ್ ಒಯ್ಯುವವರು ಬರುತ್ತಾರೆ, ಆದರೆ ಇದನ್ನು ಅದಕ್ಕೆ ಬೆರೆಸಬಾರದು. ಶಿವಮೊಗ್ಗಕ್ಕೆ ಹೋದಾಗ ಯಾರನ್ನಾದರೂ ಕೇಳಬೇಕು, ಆದರೆ ಯಾರನ್ನ ಅಂತ ಗೊತ್ತಿಲ್ಲ.